ಕೆರೆ ದಾಟಬೇಕಿದ್ದ ಹಳದಿ ಕಾರು

ಕೆಮಿ, 2 ನವೆಂಬರ್ 1986

ಅತ್ತಿಗೆಗೆ ಎಸ್ಕೊ ಮಾಡುವ ನಮಸ್ಕಾರ. ನಮಸ್ಕಾರ ಇಲ್ಲಿಗೆ ಮುಗಿಯಿತು.

ನಿಮ್ಮೂರ ಕಲೇವಿ ಫೋನ್ ಮಾಡಿದ್ದ. ನೀವು ಅಣ್ಣನ ಹಳದಿ ಲಾಡಾ ಕಾರನ್ನು ಕೊಟ್ಟಿಗೆಯಿಂದ ಹೊರಗೆಳೆದಿದ್ದೀರಂತೆ. ಎಂಜಿನ್ ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಕೂಡಿಸಿದ್ದೀರಂತೆ. ಈ ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆ ನಡೆಯುವ ಓಟಕ್ಕೆ ಅದೇ ಕಾರನ್ನು ಇಳಿಸುತ್ತೀರಂತೆ. "ಸುಮ್ನೆ ಬಾಯ್ಮಾತಲ್ಲ ಕಣೋ, ಓಟದ ಲೈಸೆನ್ಸೂ ಮಾಡಿಸ್ಕೊಂಡಿದಾಳೆ" ಅಂದ. ನಾನು ಫೋನ್ ಕುಕ್ಕಿದೆ.

ನಿಮಗೆ ಬುದ್ಧಿ ನೆಟ್ಟಗಿದೆಯೇ, ಅತ್ತಿಗೆ? ಕಳೆದ ಮಾರ್ಚ್‌ನಲ್ಲಿ ಆ ಕಾರನ್ನು ನೀರಿನಿಂದ ಎತ್ತುವಾಗ ನಾನು ದಡದಲ್ಲಿ ನಿಂತಿದ್ದೆ. ನೀವೂ ಪಕ್ಕದಲ್ಲಿಯೇ ಇದ್ದಿರಿ. ಅಣ್ಣ ಸೀಟಿನಲ್ಲಿ ಕೂತೇ ಇದ್ದ. ಬೆಲ್ಟ್ ಎದೆಯ ಮೇಲೆ ಬಿಗಿದೇ ಇತ್ತು, ಮುಳುಗುಗಾರರು ಅದನ್ನು ಕತ್ತರಿಸಿ ಅವನನ್ನು ಹೊರಗೆ ತೆಗೆದರು. ಇದೆಲ್ಲ ಆಗಿ ಇನ್ನೂ ವರ್ಷ ತುಂಬಿಲ್ಲ. ಅದೇ ಕಾರಿನಲ್ಲಿ, ಅದೇ ಕೆರೆಯ ಮೇಲೆ ನೀವು ಸವಾರಿ ಹೊರಡುತ್ತೀರಾ?

ಅದನ್ನು ಗುಜರಿಗೆ ಹಾಕಿ. ನಿಮ್ಮ ಕೈಲಾಗದಿದ್ದರೆ ಹೇಳಿ, ನಾನೇ ಬಂದು ಹಾಕುತ್ತೇನೆ.

ಎಸ್ಕೊ


ಹೌಕಿಸಾಲ್ಮಿ, 9 ನವೆಂಬರ್ 1986

ಎಸ್ಕೊ,

ಫೋನ್ ಕುಕ್ಕಿದೆಯಾ? ಒಳ್ಳೆಯದೇ ಆಯಿತು. ನನಗೂ ಫೋನ್ ಮಾಡಬೇಡ. ನಿನ್ನ ದನಿ ಅವನ ದನಿಯ ಹಾಗೇ ಇದೆ, ಅದನ್ನು ಕೇಳಿದರೆ ನನಗೆ ಸರಿಯಾಗಿ ಬೈಯಲಾಗುವುದಿಲ್ಲ. ಕಾಗದದಲ್ಲಿ ಬೈಯುವುದು ಸಲೀಸು.

ನೀನು ಅಲ್ಲಿ ಕೆಮಿಯಲ್ಲಿ ಟೈರ್ ಅಂಗಡಿಯೊಳಗೆ ಬೆಚ್ಚಗೆ ಕೂತು ನನಗೆ ಬುದ್ಧಿ ಹೇಳುತ್ತೀಯ. ಇಲ್ಲಿ ನಾನು ವಾರವಿಡೀ ಗ್ರಂಥಾಲಯದ ಬಸ್ಸು ಓಡಿಸಿಕೊಂಡು ಹಳ್ಳಿ ಹಳ್ಳಿಗೆ ಪುಸ್ತಕ ಹಂಚುತ್ತೇನೆ. ಬಸ್ಸು ಹತ್ತಿದವರೆಲ್ಲ ಮುಖ ಚಿಕ್ಕದು ಮಾಡಿಕೊಂಡು ಅದೇ ಮಾತು: "ಪಾಪ, ನಿನ್ ಗಂಡ ತೌನೊ ಬೆಲ್ಟ್ ಬಿಚ್ಚೋದೇ ಮರೆತ ಅಲ್ವಾ?" ಜೊತೆಗೆ ಒಂದು ಏಲಕ್ಕಿ ಬನ್. ಡಬ್ಬಿ ತುಂಬ ಏಲಕ್ಕಿ ಬನ್ ಒಣಗುತ್ತಿವೆ, ಎಸ್ಕೊ. ನನಗೆ ದುಃಖವಾಗಿದೆ ಅಂತ ಎಲ್ಲರೂ ತಿಳಿದಿದ್ದಾರೆ. ದುಃಖವಲ್ಲ ಕಣೋ, ಸಿಟ್ಟು. ಬೆಳಗ್ಗೆ ಎದ್ದರೆ ಸಿಟ್ಟು, ಕಾಫಿ ಕಾಸುವಾಗ ಸಿಟ್ಟು, ಸೌನಾದ ಬಿಸಿ ಹಬೆಯಲ್ಲಿ ಬೆತ್ತಲೆ ಕೂತರೂ ಸಿಟ್ಟು.

ಓಟದ ಹಾದಿಯಲ್ಲಿ ಬೆಲ್ಟ್ ಕಟ್ಟಲೇಬೇಕು, ಇಲ್ಲದಿದ್ದರೆ ಗೆರೆಯ ಹತ್ತಿರಕ್ಕೂ ಬಿಡುವುದಿಲ್ಲ. ಕೆರೆ ದಾಟುವ ದಾರಿಯಲ್ಲಿ ಬೆಲ್ಟ್ ಬಿಚ್ಚಲೇಬೇಕು, ಮಂಜುಗಡ್ಡೆ ಬಾಯಿ ಬಿಟ್ಟರೆ ಹಾರಿಕೊಳ್ಳಲು ಆಗಬೇಕಲ್ಲ. ಇದು ನಮ್ಮೂರ ಮಗುವಿಗೂ ಗೊತ್ತು. ನಿನ್ನ ಅಣ್ಣ ಓಟ ಗೆದ್ದ ಉಬ್ಬಿನಲ್ಲಿ ಆ ಹಾದಿಯಿಂದ ಈ ದಾರಿಗೆ ನಿಲ್ಲಿಸದೆ ಹಾಗೇ ತಿರುಗಿಸಿದ. ಕೆರೆ ಕಿರಿದಾಗುವ ಕುತ್ತಿಗೆಯಲ್ಲಿ ಮಂಜಿನಡಿ ನೀರು ಹರಿಯುತ್ತದೆ, ಮಾರ್ಚ್‌ನಲ್ಲಿ ಅಲ್ಲಿ ಮಂಜು ತೆಳು ಅಂತ ಅವನೇ ಊರಿಗೆಲ್ಲ ಹೇಳುತ್ತಿದ್ದ. ಒಂದು ಕ್ಷಣ ನಿಲ್ಲಿಸಿ ಒಂದು ಬೆರಳು ಒತ್ತಬೇಕಿತ್ತು. ಒಂದೇ ಒಂದು ಬೆರಳು!

ಆ ಕಾರು ಇನ್ನೂ ಮನೆಗೆ ಬಂದಿಲ್ಲ. ಕ್ರೇನ್ ಎತ್ತಿ ತಂದದ್ದು ಬಂದ ಲೆಕ್ಕವಲ್ಲ. ಆಚೆ ದಡದಲ್ಲಿ ಓಟ ಮುಗಿಸಿ, ಕುತ್ತಿಗೆ ದಾಟಿ, ಈಚೆ ದಡದ ನಮ್ಮ ದೋಣಿಮನೆಯ ಮುಂದೆ ಅದು ತನ್ನ ಚಕ್ರಗಳ ಮೇಲೆ ಬಂದು ನಿಲ್ಲಬೇಕು. ಅವನು ತರಲಿಲ್ಲ, ನಾನು ತರುತ್ತೇನೆ. ಅಷ್ಟು ಮಾಡಿದ ಮೇಲೆ ಗುಜರಿಗೆ ಹಾಕು, ಗಂಗಾಳ ಮಾಡಿಸು, ನನಗೇನು?

ಇನ್ನೊಂದು. ಮಂಜಿನ ಮೇಲೆ ಜಾರದಿರಲಿ ಅಂತ ಅವನ ಟೈರುಗಳಿಗೆ ವರ್ಷ ವರ್ಷ ಮೊಳೆ ಹೊಡೆಯುತ್ತಿದ್ದವಳು ನಾನು. ಹೆಸರು ಅವನದು, ಬೊಬ್ಬೆ ಎದ್ದ ಕೈ ನನ್ನದು. ನನಗೆ ಕಾರು ಗೊತ್ತಿಲ್ಲ ಅಂತ ಮಾತ್ರ ಬರೆಯಬೇಡ.

ಹೆಲ್ವಿ


ಕೆಮಿ, 14 ಡಿಸೆಂಬರ್ 1986

ಅತ್ತಿಗೆ,

ಹಿಂದಿನ ಕಾಗದ ಸಿಟ್ಟಿನಲ್ಲಿ ಬರೆದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಷ್ಟು ದಿನ ಯೋಚನೆ ಮಾಡಿದೆ. ನೀವು ಹಟ ಹಿಡಿದರೆ ಬಿಡುವವರಲ್ಲ. ಓಡಿಸುವುದೇ ಆದರೆ ಸರಿಯಾದ ಟೈರಿನಲ್ಲಿ ಓಡಿಸಿ.

ನಾಲ್ಕು ಟೈರು ನಿಮ್ಮೂರಿಗೆ ಬರುವ ಬಸ್ಸಿಗೆ ಹಾಕಿದ್ದೇನೆ, ಇಳಿಸಿಕೊಳ್ಳಿ. ಮೊಳೆ ನಾನೇ ಕೂರಿಸಿದ್ದೇನೆ, ಸೋಪಿನ ನೀರಿನಲ್ಲಿ ಅದ್ದಿ ಒಂದೊಂದೇ. ಹಾಕಿದ ದಿನವೇ ಜೋರು ಮಾಡಬೇಡಿ. ಮೊದಲು ಮೆತ್ತಗೆ ಓಡಿಸಿ, ಗಕ್ಕನೆ ಬ್ರೇಕ್ ಒತ್ತದೆ, ಮೊಳೆ ರಬ್ಬರಿನಲ್ಲಿ ಗಟ್ಟಿಯಾಗಿ ಕೂತುಕೊಳ್ಳಲಿ. ಬದಿಯಲ್ಲಿ ಸೀಮೆಸುಣ್ಣದ ಬಾಣವಿದೆ, ಒಮ್ಮೆ ಆ ಕಡೆ ಉರುಳಿದ ಟೈರು ಯಾವಾಗಲೂ ಆ ಕಡೆಯೇ ಉರುಳಬೇಕು, ತಿರುಗಿಸಿ ಹಾಕಿದರೆ ಮೊಳೆ ಕಿತ್ತು ಬರುತ್ತವೆ. ಗಾಳಿಯನ್ನು ಬೆಚ್ಚಗಿನ ಕೊಟ್ಟಿಗೆಯಲ್ಲಿ ತುಂಬಬೇಡಿ. ಹೊರಗೆ ಚಳಿಗೆ ಬಂದಾಗ ಒಂದಿಷ್ಟು ಇಳಿದುಹೋಗಿರುತ್ತದೆ.

ಇದೆಲ್ಲ ನಿಮಗೆ ಗೊತ್ತು. ಆದರೂ ಬರೆದೆ.

ಯಾವ ಭಾನುವಾರದ ಓಟಕ್ಕೆ ಇಳಿಯುತ್ತೀರಿ? ಸುಮ್ಮನೆ ಕೇಳಿದೆ.

ಎಸ್ಕೊ


ಹೌಕಿಸಾಲ್ಮಿ, 28 ಡಿಸೆಂಬರ್ 1986

ಎಸ್ಕೊ,

ಟೈರು ಬಂದವು. ಬಸ್ಸಿನವನು ಇಳಿಸುವಾಗ "ಗಂಡಸರ ಸಾಮಾನು" ಅಂತ ಹಲ್ಲು ಕಿರಿದ. ಒಂದನ್ನು ಅವನ ಕಾಲ ಮೇಲೆಯೇ ಉರುಳಿಸಿದೆ.

ಮೊಳೆ ಚೆನ್ನಾಗಿ ಕೂರಿಸಿದ್ದೀಯ. ನಾನಾಗಿದ್ದರೆ ಅಂಚಿನ ಸಾಲಿನಲ್ಲಿ ಇನ್ನೊಂದಿಷ್ಟು ಬಿಗಿ ಮಾಡುತ್ತಿದ್ದೆ, ಇರಲಿ. ಒಂದು ವಾರ ಬೇಲಿಯ ಪಕ್ಕದ ದಾರಿಯಲ್ಲಿ ಬಸುರಿ ಹಸುವನ್ನು ಹೊಡೆದುಕೊಂಡು ಹೋದ ಹಾಗೆ ಓಡಿಸಿದ್ದೇನೆ. ಬಾಗಿಲಿನ ರಬ್ಬರಿಗೆ ಗ್ಲಿಸರಿನ್ ಸವರಿದ್ದೇನೆ, ಚಳಿಗೆ ಅಂಟಿಕೊಳ್ಳಬಾರದು ನೋಡು. ಚಳಿಗಾಳಿ ನುಗ್ಗದ ಹಾಗೆ ರೇಡಿಯೇಟರಿನ ಮುಂದೆ ರಟ್ಟು ಕಟ್ಟಿದ್ದೇನೆ. ಕತ್ತಲಾದ ಮೇಲೆ ಬ್ಯಾಟರಿಯನ್ನು ಬಿಚ್ಚಿ ಅಡುಗೆಮನೆಗೆ ತಂದು ಒಲೆಯ ಹತ್ತಿರ ಇಡುತ್ತೇನೆ. ಕ್ರಿಸ್‌ಮಸ್ ಊಟಕ್ಕೆ ನನ್ನ ಎದುರು ಕೂತಿದ್ದು ಬ್ಯಾಟರಿ. ಜಗಳ ಆಡಲಿಲ್ಲ, ಹಂದಿಮಾಂಸ ಒಣಗಿದೆ ಅನ್ನಲಿಲ್ಲ, ನಿಮ್ಮ ಮನೆತನದ ಗಂಡಸರಿಗಿಂತ ವಾಸಿ.

ನಿನ್ನ ಅಣ್ಣನದು ಕೊಕ್ಕರೆ ಕಾಲು, ನಿನ್ನದಂತೂ ಇನ್ನೂ ಉದ್ದ. ನನ್ನ ಕಾಲು ಪೆಡಲಿಗೆ ಎಟುಕಲಿಲ್ಲ. ಸೀಟನ್ನು ಪೂರಾ ಮುಂದಕ್ಕೆ ತಂದು ಬೋಲ್ಟ್ ಹಾಕಿದೆ, ಮೂರು ಪೆಡಲಿಗೂ ಬರ್ಚ್ ಮರದ ತುಂಡು ಕಟ್ಟಿದೆ. ಬೆಲ್ಟ್ ಹೊಸದು. ಅದರ ಗುಂಡಿಗೆ ಕೆಂಪು ಉಣ್ಣೆಯ ದಾರ ಸುತ್ತಿದ್ದೇನೆ, ಕುರುಡನಿಗೂ ಕಾಣುವ ಹಾಗೆ.

ಜನವರಿ ಹದಿನೆಂಟರ ಭಾನುವಾರ. ಓಟ ಮುಗಿಸಿ ನೇರ ಕೆರೆ ದಾಟಿ ಮನೆಗೆ. ಟೈರಿಗೆ ಥ್ಯಾಂಕ್ಸ್. ನೀನು ಒಬ್ಬನಾದರೂ ಅರ್ಥ ಮಾಡಿಕೊಂಡೆಯಲ್ಲ, ಬಹಳ ಸಮಾಧಾನವಾಯಿತು.

ಹೆಲ್ವಿ


ಹೌಕಿಸಾಲ್ಮಿ, 19 ಜನವರಿ 1987

ಎಸ್ಕೊ, ಕಾರು ಹೋಯಿತು.

ಮುಳುಗಲಿಲ್ಲ, ಹೆದರಬೇಡ. ಕಿತ್ತುಕೊಂಡರು.

ನಿನ್ನೆ ಎರಡನೆಯವಳಾಗಿ ಬಂದೆ. ಟೈರು ಮಂಜನ್ನು ಕಚ್ಚಿ ಹಿಡಿದದ್ದು ನೋಡಬೇಕಿತ್ತು ನೀನು. ತಿರುವಿನಲ್ಲಿ ಗಂಡಸರೆಲ್ಲ ಹಿಮದ ಗುಡ್ಡೆಗೆ ಮೂತಿ ತುರುಕುತ್ತಿದ್ದರೆ ನಾನು ಒಳಬದಿಯಿಂದ ನುಗ್ಗಿದೆ. ಮುಗಿದ ಮೇಲೆ ಕಾರನ್ನು ಕೆರೆದಾರಿಯ ಬಾಯಿಗೆ ತಂದು ನಿಲ್ಲಿಸಿದೆ. ಬೆಲ್ಟ್ ಬಿಚ್ಚಿದೆ, ಕಿಟಕಿ ಇಳಿಸಿದೆ. ಆಚೆ ನಮ್ಮ ದೋಣಿಮನೆಯ ಕೆಂಪು ಗೋಡೆ ಕಾಣುತ್ತಿತ್ತು. ಗೇರ್ ಹಾಕಬೇಕು, ಅಷ್ಟರಲ್ಲಿ ಓಟ ನಡೆಸುವ ಕ್ಲಬ್ಬಿನವನೊಬ್ಬ ಓಡಿಬಂದು ಬಾನೆಟ್ ಬಡಿದ. "ಇಳಿ ಹೆಲ್ವಿ, ಇಳಿ. ನಿನ್ ಕಾರನ್ನ ಕೇಳಿದಾರೆ."

ಆ ನಿಯಮ ನಿನಗೂ ಗೊತ್ತಲ್ಲ. ಯಾರೂ ಕಾರಿಗೆ ದುಡ್ಡು ಸುರಿಯಬಾರದು, ಬಡವನೂ ಗೆಲ್ಲಬೇಕು ಅಂತ ಮಾಡಿದ್ದು. ಓಟ ಮುಗಿದ ಮೇಲೆ ಲೈಸೆನ್ಸ್ ಇರುವ ಯಾರೇ ಆಗಲಿ, ಓಡಿದ ಯಾವ ಕಾರನ್ನೇ ಆಗಲಿ, ಗೊತ್ತುಮಾಡಿದ ಒಂದೇ ಬೆಲೆಗೆ ಕೇಳಬಹುದು. ಕೇಳಿದರೆ ಕೊಡಬೇಕು, ಟೈರು ಸಮೇತ, ಸೀಟು ಸಮೇತ. ಕೊಡುವುದಿಲ್ಲ ಅಂದರೆ ಲೈಸೆನ್ಸ್ ರದ್ದು, ಮತ್ತೆ ಓಟದ ಕಡೆ ಸುಳಿಯುವ ಹಾಗಿಲ್ಲ. ಒಳ್ಳೆಯ ನಿಯಮ ಅಂತ ಇದೇ ಬಾಯಲ್ಲಿ ಎಷ್ಟು ಸಲ ವಾದ ಮಾಡಿದ್ದೇನೆ. ಆದರೆ ಹೆಣ ತೆಗೆದ ಕಾರನ್ನು ಯಾರು ಕೇಳುತ್ತಾರೆ ಅಂತ ನಾನು ಧೈರ್ಯವಾಗಿದ್ದೆ. ನನ್ನ ಜನ್ಮದಲ್ಲಿ ಇಂಥ ದಡ್ಡತನ ಮಾಡಿರಲಿಲ್ಲ.

ಕೇಳಿದವನು ಯಾರು ಗೊತ್ತಾ? ಕಲೇವಿ! ನಿನ್ನ ಅಣ್ಣನ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಕಲೇವಿ! ಬೂಟು ನೋಡುತ್ತ ನಿಂತಿದ್ದ. "ಮೂರ್ ಹೆಜ್ಜೆ ಆಚೆ ಮನೆ ಕಾಣ್ತಿದೆ ಕಣೋ ಕಲೇವಿ, ಒಂದ್ಸಲ ದಾಟಿಸ್ಬಿಟ್ಟು ಕೊಡ್ತೀನಿ" ಅಂತ ಅಂಗಲಾಚಿದೆ. ನಾನು, ಅಂಗಲಾಚಿದೆ! "ನಿಯಮ ಅಂದ್ಮೇಲೆ ನಿಯಮ ಕಣಮ್ಮಾ" ಅಂದ. ಬೀಗದಕೈಯನ್ನು ಅವನ ಕಾಫಿ ಲೋಟದೊಳಗೆ ಹಾಕಿ, ಕೆರೆಯ ಸುತ್ತ ನಡೆದುಕೊಂಡೇ ಮನೆಗೆ ಬಂದೆ.

ನೀನು ಅವನ ಜೊತೆ ಆಡಿ ಬೆಳೆದವನು. ಮಾತಾಡು. ಕಿವಿ ಹಿಂಡಿ ಹೇಳು. ನಿನ್ನ ಮಾತು ಕೇಳುತ್ತಾನೆ.

ಹೆಲ್ವಿ


ಕೆಮಿ, 25 ಜನವರಿ 1987

ಅತ್ತಿಗೆ,

ಹೋಗಲಿ ಬಿಡಿ. ಆಗಿದ್ದೆಲ್ಲ ಒಳ್ಳೆಯದಕ್ಕೇ ಅಂದುಕೊಳ್ಳಿ. ನೀವು ಓಡಿಸಿದಿರಿ, ಎರಡನೆಯವರಾಗಿ ಬಂದಿರಿ, ಊರೆಲ್ಲ ನೋಡಿತು. ಇನ್ನೇನು ಬೇಕು? ಕಲೇವಿಯ ಜೊತೆ ಮಾತಾಡಿ ಪ್ರಯೋಜನವಿಲ್ಲ, ಅವನು ಯಾರ ಮಾತೂ ಕೇಳುವವನಲ್ಲ. ಚಳಿ ಜಾಸ್ತಿ ಇದೆ, ಆರೋಗ್ಯ ನೋಡಿಕೊಳ್ಳಿ.

ಎಸ್ಕೊ


ಹೌಕಿಸಾಲ್ಮಿ, 8 ಫೆಬ್ರವರಿ 1987

ನಯವಂಚಕನಿಗೆ,

ನಿನ್ನ ಹಿಂದಿನ ಕಾಗದ ಓದಿ ಮೊದಲು ಮನಸ್ಸು ಕರಗಿತು. ಎರಡನೆಯ ಸಲ ಓದಿದಾಗ ಅನುಮಾನ ಬಂತು. ಎಸ್ಕೊ ಯಾವತ್ತಪ್ಪಾ ಇಷ್ಟು ಮೆತ್ತಗೆ ಬರೆದಿದ್ದ?

ಗುರುವಾರ ಗ್ರಂಥಾಲಯದ ಬಸ್ಸನ್ನು ಕಲೇವಿಯ ಮನೆಯ ಮುಂದೆ ನಿಲ್ಲಿಸಿದೆ. ಅಂಗಳದ ಹಿಮ ಹಾಸಿದ ಹಾಗೇ ಇತ್ತು, ಕಾರಿನ ಗುರುತೇ ಇಲ್ಲ. ಮೀನು ಹಿಡಿಯುವ ಪುಸ್ತಕ ಬೇಕು ಅಂತ ಕಲೇವಿ ಬಸ್ಸು ಹತ್ತಿದ. ಹಿಂದಿನಿಂದ ಬಾಗಿಲು ಹಾಕಿ ಚಿಲಕ ಜಡಿದೆ.

"ಕಾರೆಲ್ಲಿ?"

"ಇದೆ... ಎಲ್ಲೋ ಇಟ್ಟಿದೀನಿ."

"ಎಲ್ಲೋ ಅಂದ್ರೆ? ಜೇಬಲ್ಲಾ?"

"ಬಾಗ್ಲು ತೆಗಿ ಹೆಲ್ವಿ, ಒಲೆ ಮೇಲೆ ಬಟಾಣಿ ಸೂಪು ಇಟ್ಬಂದಿದೀನಿ."

"ಸೂಪು ಸೀದೋಗ್ಲಿ, ಮನೇನೂ ಸುಟ್ಟೋಗ್ಲಿ. ಕಾರೆಲ್ಲಿ?"

ಅವನು ಪುಸ್ತಕವನ್ನು ಎದೆಗೆ ಅವಚಿಕೊಂಡು ಬಾಯಿ ಬಿಟ್ಟ. "ಎಸ್ಕೊ ಹೇಳ್ದ ಕಣಮ್ಮಾ! ದುಡ್ಡೂ ಅವನ್ದೇ, ಯೋಚ್ನೇನೂ ಅವನ್ದೇ. ಮರ ಸಾಗ್ಸೋ ಲಾರೀಲಿ ಕೆಮಿಗೆ ಕಳ್ಸಿಬಿಟ್ಟೆ. ನಂಗೆ ಅವತ್ತಿಂದ ನಿದ್ದೆ ಬಂದಿಲ್ಲ."

ಓಹೋ! ಟೈರು ಕಳಿಸಿದ್ದು ಅದಕ್ಕೆ. ಬೆಣ್ಣೆ ಸವರಿದ್ದು ಅದಕ್ಕೆ. "ಸುಮ್ಮನೆ ಕೇಳಿದೆ" ಅಂತ ತಾರೀಖು ಕೇಳಿದ್ದು ಅದಕ್ಕೆ! ನಾನು ಮುಟ್ಠಾಳಿ, ಸಮಾಧಾನವಾಯಿತು ಅಂತ ಬೇರೆ ಬರೆದೆ. ಆ ಸಾಲು ನೆನಪಾದರೆ ಮೈಯೆಲ್ಲ ಉರಿಯುತ್ತದೆ. "ನೀವು, ನೀವು" ಅಂತ ಮರ್ಯಾದೆ ಕೊಟ್ಟುಕೊಂಡೇ ಬೆನ್ನಿಗೆ ಚೂರಿ ಹಾಕಿದೆಯಲ್ಲೋ! ಎದುರಿಗೆ ಬಂದು ಸುತ್ತಿಗೆಯಲ್ಲಿ ಕಾರನ್ನು ಜಜ್ಜಿದ್ದರೆ ನಿನ್ನನ್ನು ಗಂಡಸು ಅನ್ನುತ್ತಿದ್ದೆ.

ನನಗೆ ಒಂದೇ ಉತ್ತರ ಬೇಕು. ಕಾರನ್ನು ಏನು ಮಾಡಿದೆ?

ಹೆಲ್ವಿ


ಕೆಮಿ, 15 ಫೆಬ್ರವರಿ 1987

ಅತ್ತಿಗೆ,

ಹೌದು, ನಾನೇ ಮಾಡಿಸಿದ್ದು. ಕಲೇವಿಯನ್ನು ಬೈಯಬೇಡಿ, ಅವನು ಕೊನೆಯವರೆಗೂ ಬೇಡ ಅಂದ. ಕ್ಷಮಿಸಿ ಅಂತ ನಾನು ಬರೆಯುವುದಿಲ್ಲ. ಇನ್ನೊಮ್ಮೆ ಅಂಥ ಸಂದರ್ಭ ಬಂದರೆ ಇನ್ನೊಮ್ಮೆ ಮಾಡುತ್ತೇನೆ.

ಸಿಟ್ಟು ನಿಮಗೊಬ್ಬರಿಗೇ ಬರುತ್ತದೆ ಅಂದುಕೊಂಡಿದ್ದೀರಾ? ನಿಮಗೆ ಅವನು ಗಂಡ. ನನಗೆ ಸೈಕಲ್ ಕಲಿಸಿದವನು, ಈಜು ಕಲಿಸಿದವನು, ಅಪ್ಪನ ಏಟಿಗೆ ಅಡ್ಡ ನಿಂತವನು. ಅವನನ್ನು ನೀರಿನಿಂದ ಎತ್ತುವಾಗ ಅವನ ಕೈಯಲ್ಲಿ ಗ್ಲೌಸಿರಲಿಲ್ಲ. ಆ ಕೈ ದಿನಾ ಕಣ್ಣಿಗೆ ಬರುತ್ತದೆ. ನೀವು ಕೆರೆ ದಾಟುತ್ತೀರಿ, ಊರು ಚಪ್ಪಾಳೆ ತಟ್ಟುತ್ತದೆ. ಮಂಜು ಒಡೆದರೆ? ದಡದಲ್ಲಿ ನಿಂತು ಕಾಯುವುದು ಯಾರು? ನಾನು! ಮತ್ತೊಮ್ಮೆ ಆ ದಡದಲ್ಲಿ ನಿಲ್ಲುವ ಶಕ್ತಿ ನನಗಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ್ದೇನೆ, ಬೇಕಾದರೆ ಹೆಂಗಸು ಅನ್ನಿ.

ಕಾರು ಇದೆ. ಗುಜರಿಗೆ ಒಯ್ದಿದ್ದೆ. ಗುಜರಿಯವನು ಕೊಕ್ಕೆ ಹಾಕಿ ಎತ್ತಿಯೂ ಎತ್ತಿದ. "ಇಳ್ಸು" ಅಂದೆ. ಯಾಕೆ ಅಂತ ಕೇಳಬೇಡಿ. "ನಿಂಗೇನ್ ಹುಚ್ಚಾ, ಗಂಟೆಯಿಂದ ಕಾಯಿಸ್ಬಿಟ್ಟು" ಅಂತ ಅವನೂ ಬೈದ. ಈ ಚಳಿಗಾಲದಲ್ಲಿ ಎಲ್ಲರೂ ನನ್ನನ್ನು ಬೈಯುವವರೇ.

ಈಗ ಅದು ನನ್ನ ಕಾರು, ನಿಯಮದ ಪ್ರಕಾರ. ಮಾರ್ಚ್ ಒಂದರ ಭಾನುವಾರ, ಇಲ್ಲಿ ಪೆಟ್ಸಾಯಾರ್ವಿ ಕೆರೆಯ ಮೇಲೆ, ಹನ್ನೊಂದು ಗಂಟೆಯ ಓಟದಲ್ಲಿ ನಾನೇ ಓಡಿಸುತ್ತೇನೆ. ನೀವು ಬರುವ ಅಗತ್ಯವಿಲ್ಲ.

ಎಸ್ಕೊ


ಹೌಕಿಸಾಲ್ಮಿ, 9 ಮಾರ್ಚ್ 1987

ಎಸ್ಕೊ,

ಪೆಟ್ಸಾಯಾರ್ವಿಯಲ್ಲಿ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಅದಕ್ಕೆ ಈಗ ಬರೆಯುತ್ತಿದ್ದೇನೆ.

ಕಲೇವಿ ತನ್ನ ವ್ಯಾನಿನ ಹಿಂದೆ ಕಾರು ಹೇರುವ ಗಾಡಿ ಕಟ್ಟಿಕೊಂಡು ನನ್ನನ್ನು ಕರೆತಂದ. ಮಾಡಿದ್ದಕ್ಕೆ ಶಿಕ್ಷೆ ಅದು, ದಾರಿಯುದ್ದಕ್ಕೂ ರೇಡಿಯೋ ಹಾಕಲೂ ಬಿಡಲಿಲ್ಲ. ನಾವು ಬಂದಾಗ ಓಟ ಶುರುವಾಗಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು. ಯಾಕಪ್ಪಾ ಅಂತ ನೋಡಿದರೆ ನನ್ನ ಹಳದಿ ಲಾಡಾ, ಅದರೊಳಗೆ ನೀನು. ಮೊಣಕಾಲು ಎರಡೂ ಕಿವಿಯ ಹತ್ತಿರ, ಸ್ಟೇರಿಂಗು ಹೊಟ್ಟೆಗೆ ಒತ್ತಿಕೊಂಡು, ಮಕ್ಕಳ ಉಯ್ಯಾಲೆಯಲ್ಲಿ ಸಿಕ್ಕಿಕೊಂಡವನ ಹಾಗೆ. ಎಲ್ಲರಿಗಿಂತ ಕೊನೆಗೆ ಬಂದೆ. "ಇವ್ನಿಗೆ ಸೀಟು ಹಿಂದಕ್ಕೆ ಹಾಕೋಕೂ ಬರಲ್ವಾ?" ಅಂತ ಪಕ್ಕದ ಮುದುಕ ಕೇಳಿದ. ನಾನು ನಗಲಿಲ್ಲ. ನೇರ ಓಟ ನಡೆಸುವವರ ಮೇಜಿನ ಹತ್ತಿರ ಹೋಗಿ ಆ ಹಳದಿ ಕಾರು ನನಗೆ ಬೇಕು ಅಂದೆ.

ನಿನ್ನನ್ನು ಕರೆದರು. "ಕೊಡಲ್ಲ ಅಂದ್ರೆ?" ಅಂತ ನೀನು ಕೇಳಿದೆ. "ಲೈಸೆನ್ಸ್ ಹೋಗತ್ತೆ" ಅಂದರು. ನೀನು ನನ್ನ ಕಡೆ ನೋಡಿದೆ. ಆಮೇಲೆ ಬೀಗದಕೈಯನ್ನು ತಂದು ನನ್ನ ಕಾಫಿ ಲೋಟದೊಳಗೆ ಹಾಕಿದೆ. ಬಿಸಿ ಕಾಫಿ ನನ್ನ ಕೋಟಿನ ಮೇಲೆ ಹಾರಿತು. ಆ ಕಲೆ ಇನ್ನೂ ಹೋಗಿಲ್ಲ, ಕತ್ತೆ.

ಕಾರಿನೊಳಗೆ ಕೂತೆ. ಕಾಲು ನೆಟ್ಟಗೆ ಪೆಡಲಿಗೆ ಎಟುಕಿತು. ಬರ್ಚ್ ತುಂಡುಗಳು ಕಟ್ಟಿದ ಹಾಗೇ ಇದ್ದವು, ಸೀಟು ನಾನು ಬೋಲ್ಟ್ ಹಾಕಿದಲ್ಲಿಯೇ ಇತ್ತು, ಕೆಂಪು ದಾರವೂ ಇತ್ತು. ಎರಡು ಬೋಲ್ಟ್ ಬಿಚ್ಚುವುದು ನಿನಗೆ ಎಡಗೈ ಕೆಲಸ. ಊರು, ಕೆರೆ, ಗಂಟೆ ಎಲ್ಲ ವಿವರವಾಗಿ ಬರೆದು "ಬರುವ ಅಗತ್ಯವಿಲ್ಲ" ಅಂದದ್ದೂ ನೆನಪಾಯಿತು. ಮೊದಲೇ ತಂದುಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೋ? ನಿಮ್ಮ ವಂಶದಲ್ಲಿ ಯಾರಿಗೂ ಒಂದು ಕೆಲಸವನ್ನು ನೆಟ್ಟಗೆ ಮಾಡಲು ಬರುವುದಿಲ್ಲ.

ನಿನ್ನೆ ಇಲ್ಲಿ ಕ್ಲಬ್ಬಿನ ಕೊನೆಯ ಓಟ. ಶನಿವಾರವೇ ಕುತ್ತಿಗೆಯ ಉದ್ದಕ್ಕೂ ಮಂಜಿಗೆ ತೂತು ಕೊರೆದು ನೋಡಿದ್ದೆ. ಈ ವರ್ಷದ ಚಳಿಗೆ ಗಟ್ಟಿಯಾಗಿ ಕೂತಿದೆ. ಗಟ್ಟಿ ಇದ್ದ ಕಡೆಯೆಲ್ಲ ಸ್ಪ್ರೂಸ್ ಟೊಂಗೆ ನೆಟ್ಟು ದಾರಿ ಗುರುತು ಮಾಡಿದೆ. ಓಟದಲ್ಲಿ ಐದನೆಯವಳಾಗಿ ಬಂದೆ, ಬೇಕೆಂದೇ ಹಿಂದೆ ಉಳಿದೆ, ಯಾರ ಕಣ್ಣೂ ಬೀಳದಿರಲಿ ಅಂತ. ಕಲೇವಿ ಕ್ಲಬ್ಬಿನ ಮೇಜಿಗೆ ಬೆನ್ನು ಕೊಟ್ಟು ನಿಂತಿದ್ದ. ಕಾರು ಕೇಳಲು ಬಂದ ಒಬ್ಬನಿಗೆ "ಹಳದೀದ್ ಬಿಟ್ಟು ಬೇರೆ ಯಾವ್ದಾದ್ರೂ ಕೇಳು, ಇಲ್ದಿದ್ರೆ ನನ್ ಮುಷ್ಟಿ ನೋಡ್ಕೋ" ಅಂದನಂತೆ. ಇದು ಯಾವ ನಿಯಮದಲ್ಲಿದೆಯೋ ಕಾಣೆ.

ಕಾರು ಕೇಳುವ ಹೊತ್ತು ಮುಗಿಯಿತು ಅಂತ ಸೀಟಿ ಊದಿದರು. ಯಾರೂ ಕೇಳಲಿಲ್ಲ. ಕೆರೆದಾರಿಯ ಬಾಯಿಗೆ ಬಂದು ನಿಲ್ಲಿಸಿದೆ. ಕೆಂಪು ದಾರ ಹುಡುಕಿ ಗುಂಡಿ ಒತ್ತಿದೆ. ಕ್ಲಿಕ್ ಅಂತು. ಇಷ್ಟೇ ಸದ್ದು, ಎಸ್ಕೊ. ಚಮಚ ಲೋಟಕ್ಕೆ ತಾಗಿದಷ್ಟು ಸದ್ದು. ಇಷ್ಟಕ್ಕಾಗಿ ನಾವು ಅವನನ್ನು ಕಳೆದುಕೊಂಡೆವು.

ಬಾಗಿಲನ್ನು ಎಡಗೈಯಲ್ಲಿ ಅರೆ ತೆರೆದು ಹಿಡಿದುಕೊಂಡು ಮೆತ್ತಗೆ ಓಡಿಸಿದೆ. ಕುತ್ತಿಗೆಯ ಮಧ್ಯೆ ಮಂಜು ಅಡಿಯಿಂದ ಒಮ್ಮೆ ಗುಡುಗಿತು. ಅಲ್ಲಿಂದ ನಿನ್ನ ಅಣ್ಣನನ್ನು ಬೈಯಲು ಶುರು ಮಾಡಿದೆ. ಮದುವೆಯಾದ ದಿನದಿಂದ ಹಿಡಿದು ಎಲ್ಲ ಎತ್ತಿ ಆಡಿದೆ. ಬಾಯಿಗೆ ಬಂದದ್ದೆಲ್ಲ ಬೈದೆ, ಕಿಟಕಿಯ ಆಚೆ ಕೇಳುವ ಹಾಗೆ ಕೂಗಿ ಬೈದೆ. ದೋಣಿಮನೆಯ ಮುಂದೆ ಚಕ್ರ ನೆಲ ಮುಟ್ಟಿತು. ಎಂಜಿನ್ ನಿಲ್ಲಿಸಿದೆ. ಬೈಗುಳವೂ ಮುಗಿದಿತ್ತು. ಆಗ ಅಳು ಬಂತು, ಅವನು ಹೋದ ಮೇಲೆ ಇದೇ ಮೊದಲು.

ಕಾರು ಮನೆಯಲ್ಲಿದೆ.

ಇವತ್ತು ಬೆಳಗ್ಗೆ ಎರಡು ಬೋಲ್ಟ್ ಬಿಚ್ಚಿ ಸೀಟನ್ನು ಪೂರಾ ಹಿಂದಕ್ಕೆ ಸರಿಸಿದ್ದೇನೆ. ಪೆಡಲಿನ ಮರದ ತುಂಡುಗಳನ್ನು ಒಲೆಗೆ ಹಾಕಿದೆ. ಟೊಂಗೆಗಳು ಇನ್ನೂ ನೆಟ್ಟಲ್ಲೇ ಇವೆ, ಬಿಸಿಲು ಏರಿ ಮಂಜು ಮೆತ್ತಗಾಗುವ ಮೊದಲು ಈ ವಾರವೇ ಬಾ. ಆಚೆ ದಡದಿಂದ ಈಚೆಗೆ ನೀನೂ ಒಮ್ಮೆ ದಾಟು. ಈ ಸಲ ದಡದಲ್ಲಿ ನಿಂತು ಕಾಯುವವಳು ನಾನು. ಬೆಲ್ಟ್ ಬಿಚ್ಚುವುದನ್ನು ಮರೆತೆಯೋ, ನಿನ್ನನ್ನು ನಾನೇ ಕೊಂದು ಹಾಕುತ್ತೇನೆ.

ಹೆಲ್ವಿ